ಮನೆ ಸಿಕ್ಕಿದರೆ ಮಾತು ಸಿಕ್ಕೀತೇ?

ಸ್ಪ್ಯಾನಿಷ್ ಕಲಿಯಲು ಹೊರಟವರಿಗೆ ಸಿಗುವ ಬುದ್ಧಿಮಾತು ಹೆಚ್ಚುಕಡಿಮೆ ಒಂದೇ. ಆ ಭಾಷೆ ಆಡುವ ಒಂದು ಮನೆ ಸೇರಿಕೋ, ಅವರ ಜೊತೆ ಉಣ್ಣು, ಅವರ ಜೊತೆ ಟೀವಿ ನೋಡು, ಭಾಷೆ ತಾನಾಗಿ ಬರುತ್ತದೆ. ಸ್ಪೇನಿನ ಸಾಲಮಾಂಕಾ, ಮೆಕ್ಸಿಕೊದ ಕ್ವೆರ್ನವಾಕಾ, ಗ್ವಾಟೆಮಾಲಾದ ಆಂಟಿಗುವಾ, ಕೆತ್ಸಾಲ್ತೆನಾಂಗೊ ಊರುಗಳಲ್ಲಿ ಇದು ಚೆನ್ನಾಗಿ ಬೇರುಬಿಟ್ಟ ಕಸುಬು. ಗ್ವಾಟೆಮಾಲಾದ ಶಾಲೆಗಳ ಪದ್ಧತಿಯಂತೂ ಬಲು ಸರಳ. ದಿನಕ್ಕೆ ನಾಲ್ಕೈದು ಗಂಟೆ ಒಬ್ಬ ಶಿಕ್ಷಕ, ಒಬ್ಬ ವಿದ್ಯಾರ್ಥಿ ಎದುರುಬದುರು ಕೂತು ಪಾಠ. ಉಳಿದ ಹೊತ್ತು ಶಾಲೆಯವರೇ ಗೊತ್ತುಮಾಡಿದ ಮನೆಯಲ್ಲಿ ವಾಸ. ಸಾಮಾನ್ಯವಾಗಿ ವಾರದಲ್ಲಿ ಆರು ದಿನ ಮೂರು ಹೊತ್ತು ಊಟ ಅಲ್ಲೇ. ಭಾನುವಾರ ಮಾತ್ರ ಮನೆಯಾಕೆಗೆ ಒಲೆಯಿಂದ ಬಿಡುವು, ವಿದ್ಯಾರ್ಥಿ ತನ್ನ ಊಟ ತಾನು ನೋಡಿಕೊಳ್ಳಬೇಕು.

ನಮ್ಮಲ್ಲಿ ಹೋಂಸ್ಟೇ ಎಂದರೆ ಕೊಡಗು, ಚಿಕ್ಕಮಗಳೂರಿನ ವಾರಾಂತ್ಯದ ಮೋಜು. ಇದು ಆ ಜಾತಿಯದಲ್ಲ. 1932ರಲ್ಲಿ ಡೊನಾಲ್ಡ್ ವಾಟ್ ಎಂಬ ಅಮೆರಿಕನ್ ಶುರುಮಾಡಿದ ‘ಎಕ್ಸ್‌ಪೆರಿಮೆಂಟ್ ಇನ್ ಇಂಟರ್‌ನ್ಯಾಷನಲ್ ಲಿವಿಂಗ್’ ಸಂಸ್ಥೆ ಹರೆಯದವರನ್ನು ಪರದೇಶದ ಕುಟುಂಬಗಳಲ್ಲಿ ಇರಿಸುವುದನ್ನು ಒಂದು ಕ್ರಮವಾಗಿ ಬೆಳೆಸಿತು. ಈಗ ಭಾಷಾಶಾಲೆಗಳ ಪಟ್ಟಿಯಲ್ಲಿ ಬೋಧನಾ ಶುಲ್ಕದ ಪಕ್ಕದಲ್ಲೇ ಮನೆವಾಸದ ದರವೂ ಇರುತ್ತದೆ.

‘ತಾನಾಗಿ ಬರುತ್ತದೆ’ ಎಂಬ ಮಾತನ್ನು ಬೇರೆ ಯಾರಾದರೂ ನಂಬಲಿ, ಕೆಜಿಎಫ್–ಬಂಗಾರಪೇಟೆ ಕಡೆಯವರು ನಂಬಬಾರದು. ಒಂದೇ ಊರಿನಲ್ಲಿ ವರ್ಷಗಟ್ಟಲೆ ಬಾಳಿ ಅಲ್ಲಿನ ಭಾಷೆ ಕಲಿಯದೆ ಇರುವುದು ಹೇಗೆ, ಶಾಲೆಯ ಮುಖ ನೋಡದೆಯೂ ಮೂರು ಭಾಷೆ ಕಲಿಯುವುದು ಹೇಗೆ ಎಂಬ ಎರಡಕ್ಕೂ ನಮ್ಮ ಊರೇ ಸಾಕ್ಷಿ.

1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನದ ಗಣಿಗಳ ಉಸ್ತುವಾರಿ ಹಿಡಿಯಿತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಳ್ಳುವ ತನಕ, ಸುಮಾರು ಎಪ್ಪತ್ತು ವರ್ಷ, ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯ ಗಣಿಗಾರರು, ಎಂಜಿನಿಯರುಗಳು, ಅವರ ಹೆಂಡಿರು ಮಕ್ಕಳು ಇಲ್ಲಿ ಬಾಳಿದರು. ಬಂಗಲೆ, ಹೂದೋಟ, ಕ್ಲಬ್, ಗಾಲ್ಫ್ ಮೈದಾನ, ಚರ್ಚು, ಆಸ್ಪತ್ರೆ ಎಲ್ಲವೂ ಅವರಿಗೆ ಇದ್ದವು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂತು. ದೇಶದ ಎಷ್ಟೋ ಪಟ್ಟಣಗಳು ಇನ್ನೂ ಸೀಮೆಎಣ್ಣೆ ಬುಡ್ಡಿಯಲ್ಲಿದ್ದವು. ಊರಿಗೆ ‘ಪುಟ್ಟ ಇಂಗ್ಲೆಂಡ್’ ಎಂದು ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಆದರೆ ಆ ದೊರೆಗಳಲ್ಲಿ ಹೆಚ್ಚಿನವರ ಬಾಯಲ್ಲಿ ನಿಂತ ಸ್ಥಳೀಯ ಮಾತು ಎಂದರೆ ಹೋಗು, ಬಾ, ತಾ, ಬೇಗ ಎಂಬಂಥ ಅಪ್ಪಣೆಗಳು. ಬಟ್ಲರನಿಗೆ ಇಂಗ್ಲಿಷ್ ಬರುತ್ತಿತ್ತು, ಗುಮಾಸ್ತನಿಗೆ ಬರುತ್ತಿತ್ತು, ಗಣಿಯೊಳಗೆ ಮೇಸ್ತ್ರಿಗೂ ಕೆಲಸಕ್ಕೆ ಬೇಕಾದಷ್ಟು ಬರುತ್ತಿತ್ತು. ಮೂರು ಕಡೆಯೂ ಭಾಷೆ ಕಲಿಯುವ ಹೊರೆಯನ್ನು ಹೊತ್ತವನು ಕೆಳಗಿನವನೇ. ಮನೆಯೊಳಗೆ ತಮಿಳು, ತೆಲುಗು, ಕನ್ನಡ ಮೂರೂ ಓಡಾಡುತ್ತಿದ್ದವು, ಆದರೆ ಅಡುಗೆಮನೆಯ ಬಾಗಿಲು ದಾಟಿ ಊಟದ ಮೇಜಿಗೆ ಬರುತ್ತಿರಲಿಲ್ಲ. (ಕಾರ್ನ್‌ವಾಲಿನವರು ತಮ್ಮದೇ ಕಾರ್ನಿಷ್ ಭಾಷೆಯನ್ನು 18ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಒಪ್ಪಿಸಿ ಬಂದವರು. ಭಾಷೆ ಹೇಗೆ ಕೈಬಿಟ್ಟುಹೋಗುತ್ತದೆ ಎಂಬುದು ಅವರ ಮನೆತನಗಳಿಗೆ ಗೊತ್ತಿದ್ದದ್ದೇ.)

ಬಂಗಲೆಗಳಿಂದ ಕೂಗಳತೆಯಲ್ಲಿ ಕಾರ್ಮಿಕರ ಲೈನುಗಳು. ಬಿದಿರು ತಟ್ಟಿಯ ಗೋಡೆಯ ಪುಟ್ಟ ಮನೆಗಳು, ಒಂದಕ್ಕೊಂದು ಅಂಟಿಕೊಂಡಂತೆ. ಉತ್ತರ ಆರ್ಕಾಟಿನಿಂದ ಬಂದ ತಮಿಳರು, ಚಿತ್ತೂರಿನ ಕಡೆಯ ತೆಲುಗರು, ಸುತ್ತಲ ಹಳ್ಳಿಗಳ ಕನ್ನಡಿಗರು. ತಟ್ಟಿ ಗೋಡೆಯಾಚೆ ಪಕ್ಕದ ಮನೆಯವರು ಕೆಮ್ಮಿದರೆ ಈಚೆ ಕೇಳುತ್ತಿತ್ತು. ಜಗಳ ಕೇಳುತ್ತಿತ್ತು, ಮಗುವಿಗೆ ಲಾಲಿ ಹಾಡುವುದು ಕೇಳುತ್ತಿತ್ತು. ನೀರಿಗೆ ಒಂದೇ ಕೊಳಾಯಿ, ಅಲ್ಲಿ ಸರದಿ ತಪ್ಪಿದರೆ ಬೈಯಲು ಎದುರಿನವಳ ಭಾಷೆಯೇ ಬೇಕು. ಪಾಳಿ ಮುಗಿಸಿ ಗಂಡಸರು ಮೇಲೆ ಬರುವ ಹೊತ್ತಿಗೆ ಕೆಳಗೆ ಏನಾದರೂ ಆಯಿತಂತೆ ಎಂಬ ಸುದ್ದಿ ಹಬ್ಬಿದರೆ, ಅದನ್ನು ಯಾವ ಭಾಷೆಯಲ್ಲಿ ಹೇಳಿದರೂ ಅರ್ಥಮಾಡಿಕೊಳ್ಳಲೇಬೇಕಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಂಥ ಕಡೆ ‘ಸರಿ’ ಎಂದವನಿಗೆ ನಿಜಕ್ಕೂ ತಿಳಿಯಿತೋ ಇಲ್ಲವೋ ಎಂಬ ಗೊಂದಲಕ್ಕೆ ಜಾಗವಿರಲಿಲ್ಲ. ಲೈನುಗಳಲ್ಲಿ ಬೆಳೆದವರು ತಮಿಳಿನಲ್ಲಿ ಶುರುಮಾಡಿದ ವಾಕ್ಯವನ್ನು ತೆಲುಗಿನಲ್ಲಿ ದಾಟಿ ಇಂಗ್ಲಿಷಿನಲ್ಲಿ ಮುಗಿಸುವುದನ್ನು ಇವತ್ತಿಗೂ ಆಂಡರ್ಸನ್‌ಪೇಟೆಯ ಬೀದಿಯಲ್ಲಿ ಕೇಳಬಹುದು.

ಆದರೆ ಈ ಲೈನುಗಳನ್ನು ಬಾಯ್ತುಂಬ ಹೊಗಳಿ ಮುಂದಕ್ಕೆ ಹೋಗುವಂತಿಲ್ಲ. ತಮಿಳೇ ದಟ್ಟವಾಗಿದ್ದ ಕಡೆ ಕನ್ನಡದ ಅಗತ್ಯ ಅಷ್ಟಾಗಿ ಬೀಳಲಿಲ್ಲ. ಲೈನಿನಲ್ಲಿ ಹುಟ್ಟಿ, ಗಣಿಯಲ್ಲಿ ದುಡಿದು, ಅಲ್ಲೇ ನಿವೃತ್ತನಾದವನಿಗೆ ಕನ್ನಡ ಎದುರಾಗುತ್ತಿದ್ದದ್ದು ಸರ್ಕಾರಿ ಕಾಗದದಲ್ಲಿ, ಬಂಗಾರಪೇಟೆಯ ತಾಲ್ಲೂಕು ಕಚೇರಿಯಲ್ಲಿ. ಆಗ ಕೆಜಿಎಫ್ ಆ ತಾಲ್ಲೂಕಿಗೇ ಸೇರಿತ್ತು. ಕರ್ನಾಟಕದ ಒಳಗೇ ಇದ್ದೂ ಕನ್ನಡವಿಲ್ಲದೆ ಒಂದು ಆಯಸ್ಸು ಸಾಗಿಸಬಹುದಿತ್ತು. ಬಂಗಲೆಯವರಿಗೆ ಆದದ್ದೇ ಬೇರೆ ರೀತಿಯಲ್ಲಿ ಲೈನಿನವರಿಗೂ ಆಯಿತು. ವ್ಯತ್ಯಾಸವೆಂದರೆ ಒಬ್ಬರಿಗೆ ಅಧಿಕಾರ ಆ ಅನುಕೂಲ ಕೊಟ್ಟಿತು, ಇನ್ನೊಬ್ಬರಿಗೆ ಜನಸಂಖ್ಯೆ.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಅಲ್ಲಿಂದಾಚೆ ಕೆಜಿಎಫ್‌ನ ಕನ್ನಡ ಶಾಲೆ ಎಂದರೆ ರೈಲು. ಮಾರಿಕುಪ್ಪಂನಲ್ಲಿ ಹೊರಟು ಚಾಂಪಿಯನ್, ಊರ್ಗಾಂ, ಕೋರಮಂಡಲ್, ಬೆಮೆಲ್ ನಗರ ದಾಟಿ ಬಂಗಾರಪೇಟೆ. ಅಲ್ಲಿಂದ ಟೇಕಲ್, ಮಾಲೂರು, ವೈಟ್‌ಫೀಲ್ಡ್, ಕೃಷ್ಣರಾಜಪುರ. ಕತ್ತಲಿರುವಾಗಲೇ ಎದ್ದು ಬೆಂಗಳೂರಿನ ಅಂಗಡಿ, ಆಸ್ಪತ್ರೆ, ಕಾರ್ಖಾನೆ, ಸಾಫ್ಟ್‌ವೇರ್ ಕಚೇರಿಗಳಿಗೆ ಹೋಗಿ ರಾತ್ರಿ ಮರಳುವ ಸಾವಿರಾರು ಮಂದಿ. ಕೆಲಸ ಕೊಟ್ಟವನು ತಮಿಳಿನವನಲ್ಲ, ಗಿರಾಕಿ ತಮಿಳಿನವನಲ್ಲ, ಎದುರು ಸೀಟಿನಲ್ಲಿ ಮಾಲೂರಿನಲ್ಲಿ ಹತ್ತಿದವರು ಕನ್ನಡದವರು. ಅಪ್ಪಂದಿರು ನಾಲ್ಕು ದಶಕದಲ್ಲಿ ಕಲಿಯದ ಕನ್ನಡವನ್ನು ಮಕ್ಕಳು ಒಂದೆರಡು ವರ್ಷದ ಓಡಾಟದಲ್ಲಿ ಕಲಿತರು. ಅದೇ ಜನ, ಅದೇ ಬುದ್ಧಿ. ಬೇರೆಯಾದದ್ದು ಅಗತ್ಯ ಒಂದೇ.

ಭಾಷಾ ವಿಜ್ಞಾನದವರು ತೂಗಿನೋಡಿದ್ದೂ ಇದೇ ಕಡೆಗೆ ವಾಲುತ್ತದೆ. ನಾರ್ಮನ್ ಸೆಗಲೋವಿಟ್ಸ್ ಮತ್ತು ಬಾರ್ಬರಾ ಫ್ರೀಡ್ ಅವರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಸೆಮಿಸ್ಟರ್ ಸ್ಪೇನಿನ ಅಲಿಕಾಂತೆಯಲ್ಲಿದ್ದ ಅಮೆರಿಕನ್ ವಿದ್ಯಾರ್ಥಿಗಳನ್ನೂ ತಮ್ಮ ಊರಲ್ಲೇ ಸ್ಪ್ಯಾನಿಷ್ ಕಲಿತವರನ್ನೂ ಹೋಲಿಸಿದ್ದಾರೆ. ಸ್ಪೇನಿಗೆ ಹೋದವರ ಮಾತಿನ ಸರಾಗ ಹೆಚ್ಚಿತ್ತು, ನಿಜ. ಆದರೆ ತರಗತಿಯ ಹೊರಗೆ ಎಷ್ಟು ಹೊತ್ತು ಸ್ಪ್ಯಾನಿಷ್ ಸಂಪರ್ಕವಿತ್ತು ಎಂಬ ಲೆಕ್ಕಕ್ಕೂ ಆ ಸುಧಾರಣೆಗೂ ಅವರು ನಿರೀಕ್ಷಿಸಿದಷ್ಟು ನಂಟು ಕಾಣಲಿಲ್ಲ. ಇದ್ದ ಮನೆಗಳಲ್ಲಿ ನಡೆಯುತ್ತಿದ್ದದ್ದು ಬಹಳ ಮಟ್ಟಿಗೆ ದಿನವೂ ಅದೇ ಆಗುವ ಚುಟುಕು ಮಾತು ಇರಬಹುದು ಎಂಬುದು ಅವರು ಕೊಡುವ ಕಾರಣಗಳಲ್ಲಿ ಒಂದು. ‘ಊಟ ಆಯ್ತಾ’, ‘ಆಯ್ತು’, ‘ನಾಳೆ ಎಷ್ಟು ಹೊತ್ತಿಗೆ’, ‘ಎಂಟಕ್ಕೆ’. ಇಷ್ಟನ್ನು ನೂರು ಸಲ ಹೇಳಿದರೂ ನೂರೊಂದನೆಯ ವಾಕ್ಯ ಹುಟ್ಟುವುದಿಲ್ಲ. ಅದೇ ವರ್ಷ ಇವರಿಬ್ಬರೂ ಡ್ಯಾನ್ ಡ್ಯೂಯಿ ಜೊತೆ ಸೇರಿ ಫ್ರೆಂಚ್ ಕಲಿಯುವವರ ಮೇಲೆ ಮಾಡಿದ ಇನ್ನೊಂದು ಅಧ್ಯಯನ ಇನ್ನೂ ಮುಜುಗರದ್ದು. ಅದರಲ್ಲಿ ಹೆಚ್ಚು ಮುಂದುವರಿದವರು ಫ್ರಾನ್ಸಿಗೆ ಹೋದವರಲ್ಲ, ಅಮೆರಿಕದಲ್ಲೇ ಬೇಸಿಗೆಯ ತೀವ್ರ ಶಿಬಿರ ಸೇರಿದವರು. ಶಿಬಿರದವರು ಹಗಲೆಲ್ಲ ಫ್ರೆಂಚನ್ನೇ ಆಡಿದರು. ಫ್ರಾನ್ಸಿನಲ್ಲಿದ್ದವರು ತರಗತಿಯ ಹೊರಗೆ ಫ್ರೆಂಚಿಗಿಂತ ಇಂಗ್ಲಿಷನ್ನೇ ಹೆಚ್ಚು ಆಡಿದೆವು ಎಂದು ತಾವೇ ಬರೆದುಕೊಟ್ಟರು. ಉದಾಹರಣೆಗೆ, ವರ್ಮಾಂಟ್ ರಾಜ್ಯದ ಮಿಡಲ್‌ಬರಿ ಕಾಲೇಜಿನಲ್ಲಿ 1915ರಿಂದ ನಡೆಯುತ್ತಿರುವ ಭಾಷಾಶಾಲೆಗೆ ಸೇರುವವರು ಕಲಿಯುವ ಭಾಷೆ ಬಿಟ್ಟು ಬೇರೆ ಆಡುವುದಿಲ್ಲ ಎಂದು ಸಹಿ ಹಾಕುತ್ತಾರೆ. ಪ್ಯಾರಿಸ್ಸಿನಲ್ಲೇ ಪುಟ್ಟ ಇಂಗ್ಲೆಂಡ್ ಕಟ್ಟಿಕೊಳ್ಳಬಹುದು, ಅಮೆರಿಕದ ಹಳ್ಳಿಯಲ್ಲಿ ಪುಟ್ಟ ಫ್ರಾನ್ಸನ್ನೂ ಕಟ್ಟಿಕೊಳ್ಳಬಹುದು.

ಹಾಗಾದರೆ ನಮ್ಮ ಕಡೆಯ ಹುಡುಗಿಯೋ ಹುಡುಗನೋ ಸ್ಪ್ಯಾನಿಷ್ ಮನೆಗೆ ಹೋದರೆ ಏನಾದೀತು? ಭಾಷೆಯ ಮಟ್ಟಿಗೆ ಅರ್ಧ ದಾರಿ ನಡೆದೇ ಹೋದಂತೆ. ಇಂಗ್ಲಿಷಿನವರು ಸ್ಪ್ಯಾನಿಷಿನಲ್ಲಿ ಮುಗ್ಗರಿಸುವ ಮೊದಲ ಹೊಸ್ತಿಲು ‘ಮೆ ಗುಸ್ತಾ ಎಲ್ ಕಫೆ’. ನಾನು ಕಾಫಿಯನ್ನು ಇಷ್ಟಪಡುತ್ತೇನೆ ಎಂಬ ಕ್ರಮದಲ್ಲಿ ಅಲ್ಲ, ನನಗೆ ಕಾಫಿ ಇಷ್ಟ ಎಂಬ ಕ್ರಮದಲ್ಲಿ ಅಲ್ಲಿ ವಾಕ್ಯ ಕಟ್ಟುತ್ತಾರೆ. ನಮಗೆ ಇದನ್ನು ಕಲಿಸಬೇಕಾಗಿಯೇ ಇಲ್ಲ. ‘ಆಬ್ಲೊ’ ಎಂದರೆ ಸಾಕು, ಮಾತಾಡುವವನು ನಾನೇ ಎಂದು ಕ್ರಿಯಾಪದದ ಬಾಲವೇ ಹೇಳುತ್ತದೆ. ‘ಬಂದೆ’ ಎಂದಾಗ ‘ನಾನು’ ಬೇಡವಲ್ಲ, ಹಾಗೆ. ಐದು ಸ್ವರ, ಐದೂ ಸ್ವಚ್ಛ, ಬರೆದಂತೆ ಓದು. ಎರಡು ರಕಾರಗಳ ವ್ಯತ್ಯಾಸ ತಮಿಳು ಬಲ್ಲ ಕೆಜಿಎಫ್ ಕಿವಿಗೆ ಹೊಸದಲ್ಲ. ತೊಡಕಾಗುವುದು ಬೇರೆ ಕಡೆ. ಮೇಜು ಹೆಣ್ಣು, ಪುಸ್ತಕ ಗಂಡು ಎಂಬ ಲಿಂಗವ್ಯವಸ್ಥೆ, ಮನುಷ್ಯರಿಗಷ್ಟೇ ಗಂಡು ಹೆಣ್ಣು ಹಚ್ಚುವ ದ್ರಾವಿಡ ನಾಲಿಗೆಗೆ ಕೊನೆಯ ತನಕ ಕಾಟ ಕೊಡುತ್ತದೆ. ಇರುವಿಕೆಗೆ ‘ಸೇರ್’, ‘ಎಸ್ತಾರ್’ ಎಂಬ ಎರಡು ಕ್ರಿಯಾಪದಗಳೂ ಅಷ್ಟೆ. ಇನ್ನೊಂದು ತೊಡಕು ವ್ಯಾಕರಣದ್ದಲ್ಲ. ‘ತು’ ಎಂದರೆ ನೀನು, ‘ಉಸ್ತೆದ್’ ಎಂದರೆ ನೀವು. ಸ್ಪೇನಿನ ಮನೆಗಳಲ್ಲಿ ಅರವತ್ತು ದಾಟಿದ ಮನೆಯಾಕೆಯೂ ‘ತು’ ಅನ್ನು ಎಂದು ಒತ್ತಾಯಿಸುವುದು ಸಾಮಾನ್ಯ. ನಾವು ಹೆತ್ತ ತಾಯಿಯನ್ನು ನೀನು ಎನ್ನುತ್ತೇವೆ, ಪಕ್ಕದ ಮನೆಯ ಆಂಟಿಯನ್ನಲ್ಲ. ಅಲ್ಲಿ ಅನ್ನಲೇಬೇಕು; ಅಂದ ದಿನದಿಂದ ಮನೆಯ ಮಾತಿನ ಧಾಟಿಯೇ ಬದಲಾಗುತ್ತದೆ.

ಸ್ಪ್ಯಾನಿಷ್ ನಮ್ಮಿಂದ ಸಾಗರದಾಚೆ ಮಾತ್ರ ಇರುವ ಭಾಷೆ ಎಂದುಕೊಳ್ಳುವುದೂ ಬೇಡ. ಗಡಿಯಾಚೆ, ಮಡಕಶಿರಾ, ರಾಯದುರ್ಗಗಳ ಕನ್ನಡಿಗರೂ ಇರುವ ಹಳೆಯ ಅನಂತಪುರ ಜಿಲ್ಲೆಯಲ್ಲಿ, ಬಾರ್ಸಿಲೋನಾದ ವಿಸೆಂತೆ ಫೆರೆರ್ 1969ರಲ್ಲಿ ಗ್ರಾಮಾಭಿವೃದ್ಧಿಯ ಕೆಲಸ ಶುರುಮಾಡಿ 2009ರಲ್ಲಿ ತೀರಿಕೊಳ್ಳುವ ತನಕ ಅಲ್ಲೇ ಇದ್ದರು. ಅವರ ರೂರಲ್ ಡೆವಲಪ್‌ಮೆಂಟ್ ಟ್ರಸ್ಟಿಗೆ ಸ್ಪೇನಿನ ಅಸಂಖ್ಯ ಕುಟುಂಬಗಳು ಕಾಸು ಕಳಿಸುತ್ತವೆ, ಹಳ್ಳಿಯ ಮಕ್ಕಳಿಗೂ ಅವರಿಗೂ ಪತ್ರವ್ಯವಹಾರ ನಡೆಯುತ್ತದೆ, ಆ ಪತ್ರಗಳನ್ನು ತೆಲುಗಿನಿಂದ ದಾಟಿಸುವವರು ಅಲ್ಲೇ ಬೆಳೆದಿದ್ದಾರೆ. ಬಡ ಕುಟುಂಬಗಳ ಪದವೀಧರರಿಗೆ ವಿದೇಶಿ ಭಾಷೆ ಕಲಿಸುವ ಶಾಲೆಯನ್ನೂ ಟ್ರಸ್ಟ್ ನಡೆಸುತ್ತದೆ. ಹೊರಡುವ ಮುನ್ನ ಅಡಿಪಾಯ ಇಲ್ಲೇ ಹಾಕಿಕೊಂಡವರಿಗೆ ಮನೆವಾಸದಿಂದ ಸಿಗುವ ಲಾಭ ದೊಡ್ಡದು. ಬರಿಗೈಯಲ್ಲಿ ಹೋದವರ ಮೊದಲ ತಿಂಗಳು ಸನ್ನೆ ಮಾಡುವುದರಲ್ಲೇ ಕಳೆಯುತ್ತದೆ.

ಮನೆಯ ವಿಷಯಕ್ಕೆ ಬರೋಣ. ಮನೆ ಕೊಡುವವರಿಗೆ ಇದು ಆದಾಯ. ಮಕ್ಕಳು ಬೇರೆ ಊರಿಗೆ ಹೋಗಿ ಕೋಣೆ ಖಾಲಿಯಾದ ವಯಸ್ಸಾದ ಹೆಂಗಸರು ಇದರಲ್ಲಿ ಬಹಳ. ಇದರಲ್ಲಿ ತಪ್ಪೇನಿಲ್ಲ, ಆದರೆ ಕಾಸು ಕೊಟ್ಟ ಮಾತ್ರಕ್ಕೆ ಮಾತೂ ಸಿಗುತ್ತದೆ ಎಂಬ ಕರಾರು ಯಾರೂ ಬರೆದುಕೊಟ್ಟಿರುವುದಿಲ್ಲ. ಆದ್ದರಿಂದ ಶಾಲೆಯವರನ್ನು ಮೊದಲೇ ಕೇಳಬೇಕು: ಊಟ ಎಲ್ಲರೂ ಕೂತು ಮಾಡುತ್ತಾರೋ, ತಟ್ಟೆ ಕೋಣೆಗೆ ಬರುತ್ತದೋ? ಅದೇ ಮನೆಯಲ್ಲಿ ಇಂಗ್ಲಿಷ್ ಆಡುವ ಇನ್ನೊಬ್ಬ ವಿದ್ಯಾರ್ಥಿ ಇದ್ದಾನೋ? ಇದ್ದರೆ ಆ ಮನೆ ಬೇಡ ಎನ್ನುವುದೇ ಒಳ್ಳೆಯದು. ನಾವು ಅತಿಥಿ ಎಂದು ಕೂತರೆ ಕೆಲಸ ಕೆಟ್ಟಿತು. ಅಡುಗೆಮನೆಗೆ ನುಗ್ಗಬೇಕು. ಈರುಳ್ಳಿ ಹೆಚ್ಚುವವಳಿಗೆ ‘ಸಣ್ಣಗೆ’, ‘ಇನ್ನೂ ಸಣ್ಣಗೆ’, ‘ಸಾಕು’, ‘ಕೈ ಕುಯ್ದುಕೊಂಡೀಯ’ ಎಂಬ ನಾಲ್ಕು ಮಾತು ಐದು ನಿಮಿಷದಲ್ಲಿ ಸಿಗುತ್ತವೆ. ಸ್ಪೇನಿನಲ್ಲಿ ‘ತೊರ್ತಿಯಾ’ ಎಂದರೆ ಆಲೂಗಡ್ಡೆ, ಮೊಟ್ಟೆಯ ದಪ್ಪ ಆಮ್ಲೆಟ್. ಗ್ವಾಟೆಮಾಲಾದಲ್ಲಿ ಅದೇ ಹೆಸರಿನದು ಅಂಗೈಯಲ್ಲಿ ತಟ್ಟಿ ಕಾವಲಿಗೆ ಹಾಕುವ ಮುಸುಕಿನ ಜೋಳದ ರೊಟ್ಟಿ. ಮಾಂಸ ತಿನ್ನದವರು ‘ಕಾರ್ನೆ ಬೇಡ’ ಎಂದಷ್ಟೇ ಹೇಳಿದರೆ ಹಂದಿಯ ಹಾಮೋನ್ ಚೂರುಗಳು ಸೂಪಿನಲ್ಲಿ ತೇಲುತ್ತ ಬಂದಾವು. ಅದನ್ನೂ ಮೀನನ್ನೂ ಹೆಸರು ಹಿಡಿದೇ ಬೇಡ ಎನ್ನಬೇಕು. ಮುದ್ದೆ, ಬಸ್ಸಾರು ಬಿಟ್ಟು ಇರಲಾರೆ ಎನ್ನುವವರು ಒಂದಿಷ್ಟು ರಾಗಿಹಿಟ್ಟು ಒಯ್ದು ಒಂದು ದಿನ ಮನೆಯವರಿಗೇ ಮುದ್ದೆ ಮಾಡಿ ಬಡಿಸಲಿ. ಅಗಿಯದೆ ನುಂಗಬೇಕು ಎಂಬುದನ್ನು ಸ್ಪ್ಯಾನಿಷಿನಲ್ಲಿ ವಿವರಿಸಿ ಮುಗಿಸುವ ಹೊತ್ತಿಗೆ ವಿಧ್ಯರ್ಥದ ಪಾಠ ಪೂರ್ತಿ ಆಗಿರುತ್ತದೆ.

ಎಲ್ಲಕ್ಕಿಂತ ದೊಡ್ಡ ವೈರಿ ಫೋನು. ಸ್ಪೇನಿನಲ್ಲಿ ಮಧ್ಯಾಹ್ನದ ಊಟ ಎರಡು, ಎರಡೂವರೆಗೆ. ಉಂಡ ಮೇಲೆ ಯಾರೂ ಥಟ್ಟನೆ ಏಳುವುದಿಲ್ಲ. ಕಾಫಿ ಹಿಡಿದು ಹರಟುತ್ತ ಕೂರುತ್ತಾರೆ. ಅದಕ್ಕೆ ‘ಸೊಬ್ರೆಮೆಸಾ’ ಎಂಬ ಹೆಸರೇ ಇದೆ. ಚುಟುಕು ಮಾತು ಮುಗಿದು ರಾಜಕೀಯ, ನೆಂಟರ ಜಗಳ, ಪಕ್ಕದ ಮನೆಯ ಮದುವೆ ಎಲ್ಲ ಬರುವುದು ಆಗಲೇ. ಅಂದರೆ ಕಲಿಯುವುದಕ್ಕೆ ಇರುವ ಚಿನ್ನದಂಥ ಹೊತ್ತು ಮೂರರಿಂದ ನಾಲ್ಕು. ಸ್ಪೇನಿನ ಗಡಿಯಾರ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿ ಮೂರು ಎಂದರೆ ಬಂಗಾರಪೇಟೆಯಲ್ಲಿ ಸಂಜೆ ಆರೂವರೆ, ಇಲ್ಲವೇ ಏಳೂವರೆ. ಅಮ್ಮ ದೀಪ ಹಚ್ಚಿ, ಅಪ್ಪ ಮನೆಗೆ ಬಂದು, ‘ಮಗೂಗೆ ಒಂದು ವಿಡಿಯೋ ಕಾಲ್ ಹಾಕೋಣ’ ಎನ್ನುವ ಹೊತ್ತೂ ಅದೇ. ದಿನವೂ ಆ ಕರೆ ತೆಗೆದುಕೊಂಡು ಕೋಣೆ ಸೇರಿದವರು ಸೊಬ್ರೆಮೆಸಾವನ್ನು ಪೂರ್ತಿಯಾಗಿ ಕಳೆದುಕೊಳ್ಳುತ್ತಾರೆ. ಹೆತ್ತವರಿಗೆ ನನ್ನ ಸಲಹೆ ಇಷ್ಟೆ: ಅಲ್ಲಿ ಬೆಳಗಿನ ತಿಂಡಿಯ ಹೊತ್ತಿಗೆ, ಇಲ್ಲಿನ ಹನ್ನೊಂದೂವರೆ, ಹನ್ನೆರಡೂವರೆಗೆ ಫೋನ್ ಮಾಡಿ. ಭಾನುವಾರ ಬೇಕಾದರೆ ಮನಸಾರೆ ಮಾತಾಡಿ.

ಕಾಗದಪತ್ರದ ಮಾತು ಮೂರೇ ವಾಕ್ಯದಲ್ಲಿ ಮುಗಿಯುತ್ತದೆ. ಸ್ಪೇನಿಗೆ ಹೋಗಲು ಬೇಕಾದ ಷೆಂಗೆನ್ ಅಲ್ಪಾವಧಿ ವೀಸಾದಲ್ಲಿ 180 ದಿನಗಳೊಳಗೆ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ, ಅದಕ್ಕಿಂತ ಉದ್ದದ ಕೋರ್ಸಿಗೆ ವಿದ್ಯಾರ್ಥಿ ವೀಸಾ ಬೇಕು. ಕಲಿತದ್ದಕ್ಕೆ ಪ್ರಮಾಣಪತ್ರ ಬೇಕಾದವರಿಗೆ ‘ಡೆಲೆ’ ಪರೀಕ್ಷೆ ಇದೆ. ಅದನ್ನು ನಡೆಸುವ ಇನ್ಸ್ಟಿಟ್ಯೂಟೊ ಸೆರ್ವಾಂತೆಸ್‌ನ ಕೇಂದ್ರ ದೆಹಲಿಯಲ್ಲಿದೆ.

ಇನ್ನು ತಿರುಗಿಸಿ ಹಿಡಿದ ಕನ್ನಡಿ. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಸಂಸ್ಥೆಯ ಕನ್ನಡ ಕಲಿಕೆಯ ಕೇಂದ್ರ ಮೈಸೂರಿನಲ್ಲಿದೆ. ಅಲ್ಲಿಗೆ ಬರುವ ವಿದ್ಯಾರ್ಥಿಗಳು ಮೈಸೂರಿನ ಮನೆಗಳಲ್ಲಿ ಉಳಿದು ಕನ್ನಡ ಕಲಿಯುವುದುಂಟು. ಇಂಥವರು ಕಷ್ಟಪಟ್ಟು ಕನ್ನಡದಲ್ಲಿ ಒಂದು ವಾಕ್ಯ ಜೋಡಿಸಿದರೆ ನಾವು ಥಟ್ಟನೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟುಬಿಡುತ್ತೇವೆ. ನಮ್ಮ ಕಣ್ಣಿಗೆ ಅದು ಮರ್ಯಾದೆ, ಕಲಿಯಲು ಬಂದವನ ಪಾಲಿಗೆ ಮುಚ್ಚಿದ ಬಾಗಿಲು. ಕೋಲಾರ ಜಿಲ್ಲೆಯವರಂತೂ ಇದರಲ್ಲಿ ಒಂದು ಕೈ ಮೇಲೆ. ಬಂಗಾರಪೇಟೆಯಲ್ಲಿ ಬಿಳಿ ನೀರಿನ ಪಾನಿಪುರಿ ಮಾರುವವನ ಹತ್ತಿರ ತಮಿಳಿನಲ್ಲಿ ಕೇಳಿದರೆ ತಮಿಳು, ತೆಲುಗಿನಲ್ಲಿ ಕೇಳಿದರೆ ತೆಲುಗು, ಹಿಂದಿಯಲ್ಲಿ ಕೇಳಿದರೆ ಹಿಂದಿ. ಇದು ನಮ್ಮ ಹೆಚ್ಚುಗಾರಿಕೆ, ಒಪ್ಪಿದೆ. ಮನೆಮಾತು ತಮಿಳಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಕನ್ನಡಕ್ಕೆ ಜ್ಞಾನಪೀಠ ತಂದ ಜಿಲ್ಲೆ ಇದು. ಆದರೆ ಮಾಸ್ತಿಯವರ ಸುತ್ತ ಕನ್ನಡ ಆಡುವವರಿದ್ದರು, ಅವರಿಗೆ ಆ ಅವಕಾಶ ಸಿಕ್ಕಿತು.

ಇವತ್ತು ಅಂಥ ಅವಕಾಶಕ್ಕೆ ಕಾದಿರುವವರು ನರಸಾಪುರದ ಸುತ್ತಲ ಹಳ್ಳಿಗಳಲ್ಲಿದ್ದಾರೆ. 2013ರಲ್ಲಿ ಹೋಂಡಾ ಕಾರ್ಖಾನೆ ಬಂತು, ಆಮೇಲೆ ಐಫೋನ್ ಜೋಡಿಸುವ ಘಟಕ ಬಂತು. ನಾನಾ ರಾಜ್ಯಗಳ ಹುಡುಗ ಹುಡುಗಿಯರು ಕೋಲಾರ ತಾಲ್ಲೂಕಿನ ಹಳ್ಳಿಮನೆಗಳ ಮಹಡಿಯಲ್ಲಿ, ಪಿಜಿಗಳಲ್ಲಿ ಬಾಡಿಗೆಗೆ ಇದ್ದಾರೆ. ಇವರೇ ನಮ್ಮ ಮನೆಗೆ ಬಂದಿರುವ ಭಾಷಾ ವಿದ್ಯಾರ್ಥಿಗಳು, ಶುಲ್ಕ ಮಾತ್ರ ಯಾವ ಶಾಲೆಗೂ ಕಟ್ಟಿಲ್ಲ. ಬಾಡಿಗೆ ಕೊಡಲು ಮೆಟ್ಟಿಲಿಳಿದು ಬಂದ ಒಡಿಶಾದ ಹುಡುಗ ‘ಅಮ್ಮ, ನೀರು ಬರ್ತಿಲ್ಲ’ ಎಂದು ತಡವರಿಸಿ ಹೇಳಿದರೆ ದಯವಿಟ್ಟು ಹಿಂದಿಗೆ ಹೊರಳಬೇಡಿ. ಕನ್ನಡದಲ್ಲೇ, ನಿಧಾನವಾಗಿ, ಎರಡು ಸಲ ಹೇಳಿ. ಆಮೇಲೆ ಒಂದು ಲೋಟ ಕಾಫಿ ಕೊಟ್ಟು ಹತ್ತು ನಿಮಿಷ ಕೂರಿಸಿಕೊಂಡು ಮಾತಾಡಿಸಿ.